ಥಡ್ ಮೇಷ್ಟ್ರು

ಹೋದ ವಾರ ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಶಿಷ್ಯನೊಬ್ಬ ಸಿಕ್ಕಿ, "ಸಾರ್, ನಮ್ ಥಡ್ ಮೇಷ್ಟ್ರು ಹೋಗ್ಬಿಟ್ರಂತೆ" ಅಂದ. ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ನಾನು ಮೊದಲು ಅವರ ವಯಸ್ಸು ಕೇಳುತ್ತೇನೆ, ಆಮೇಲೆ ಅದರಲ್ಲಿ ನನ್ನ ವಯಸ್ಸು ಕಳೆಯುತ್ತೇನೆ, ಉಳಿದದ್ದು ನೋಡಿ ಗಾಬರಿಯಾಗುತ್ತೇನೆ, ದುಃಖ ಪಡುವುದು ಅದಾದ ಮೇಲೆ. ಇದು ಒಳ್ಳೆಯ ಅಭ್ಯಾಸವಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಗಣಿತದ ಮೇಷ್ಟರಿಗೆ ಬೇರೆ ದಾರಿ ಗೊತ್ತಿರುವುದಿಲ್ಲ. ಆದರೆ ಅವತ್ತು ಲೆಕ್ಕ ಹಾಕುವುದೇ ಮರೆತುಹೋಯಿತು.

ಎಪ್ಪತ್ತರ ದಶಕದ ನಡುವೆ ಗುಬ್ಬಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ನಾನು ಗಣಿತ ಮತ್ತು ವಿಜ್ಞಾನದ ಹಂಗಾಮಿ ಮೇಷ್ಟರಾಗಿದ್ದೆ. ಥಡ್ ಮೇಷ್ಟ್ರು ಅಲ್ಲಿ ಇಂಗ್ಲಿಷ್ ಮೇಷ್ಟರು. ನನಗಿಂತ ಎಷ್ಟೋ ದೊಡ್ಡವರು. ಬಿಳಿ ಪಂಚೆ, ಕಪ್ಪು ಕೋಟು, ಕೋಟಿನ ಜೇಬಿನಲ್ಲಿ ಸದಾ ಒಂದಿಷ್ಟು ಸಾಮಾನು: ಗೋಲಿ, ಬೀಗದ ಕೈ ಗೊಂಚಲು, ಒಣಗಿದ ಸೀಗೆಕಾಯಿ, ಒಮ್ಮೊಮ್ಮೆ ಒಂದು ಕಪ್ಪೆಚಿಪ್ಪು. ಇವೆಲ್ಲ ಪಾಠೋಪಕರಣಗಳು. ಸದ್ದು ಮಾಡುವ ಇಂಗ್ಲಿಷ್ ಪದ ಪಾಠದಲ್ಲಿ ಬಂದರೆ ಅದರ ಅರ್ಥವನ್ನು ಅವರು ಬೋರ್ಡಿನ ಮೇಲೆ ಬರೆಯುತ್ತಿರಲಿಲ್ಲ. ಹುಡುಗರಿಗೆ ಆ ಸದ್ದನ್ನು ಕೇಳಿಸುತ್ತಿದ್ದರು. ಕೇಳಿಸುವವರೆಗೂ ಪಾಠ ಮುಂದಕ್ಕೆ ಹೋಗುತ್ತಿರಲಿಲ್ಲ.

"ಅರ್ಥ ಆಮೇಲೆ ಕಣ್ರೋ, ಮೊದ್ಲು ಕಿವಿ" ಎನ್ನುತ್ತಿದ್ದರು. ಹಾಗೆನ್ನುವಾಗ ಎಡಗೈಯ ತೋರುಬೆರಳು ಮೇಲೇಳುತ್ತಿತ್ತು, ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಸದ್ದು ಬಂದು ಹೋದ ಮೇಲೆ ಬೆರಳು ಇಳಿಯುತ್ತಿತ್ತು. "ಕೇಳಿಸ್ತಾ? ಬರ್ಕೊಳಿ."

'ಹಿಸ್' ಎಂಬ ಪದ ಬಂದ ದಿನ ಇಡೀ ತರಗತಿಯನ್ನು ಸಾಲಾಗಿ ಪೇಟೆ ಬೀದಿಯ ಹೋಟೆಲಿಗೆ ನಡೆಸಿಕೊಂಡು ಹೋದರು. ಹೋಟೆಲಿನವನು ಸಂಭ್ರಮದಿಂದ ಹಿಟ್ಟಿನ ಪಾತ್ರೆ ಹತ್ತಿರ ಎಳೆದುಕೊಂಡು, "ಎಷ್ಟ್ ದೋಸೆ ಹಾಕ್ಲಿ ಸ್ವಾಮಿ?" ಅಂದ.

"ದೋಸೆ ಬೇಡ. ಕಾದ ಕಾವಲಿ ಮೇಲೆ ನೀರು ಚಿಮುಕಿಸ್ತೀಯಲ್ಲ, ಅದಷ್ಟೇ ಮಾಡು. ನಿಧಾನಕ್ಕೆ. ಹಿಂದಿರೋ ಹುಡುಗರಿಗೂ ಕೇಳಿಸ್ಲಿ."

ಕಿರ್ರೆನ್ನುವ 'ಕ್ರೀಕ್' ಎಂಬುದಕ್ಕೆ ಹೆಡ್ ಮಾಸ್ಟರ ಕುರ್ಚಿಯನ್ನು ಬಿಟ್ಟರೆ ಊರಲ್ಲಿ ಬೇರೆ ಉದಾಹರಣೆ ಇರಲಿಲ್ಲ. ಹೆಡ್ ಮಾಸ್ಟರು ಪಾಪ, ಹುಡುಗರೆದುರು ಎದ್ದು, ಮತ್ತೆ ಕೂತು, "ಸಾಕೇನ್ರೀ?" ಎಂದು ಕೇಳಿದರು. 'ಸ್ನೋರ್' ಬಂದಾಗ ಮೇಷ್ಟರು ಹುಡುಗರ ಚಪ್ಪಲಿ ಬಿಚ್ಚಿಸಿ, ತುದಿಗಾಲಿನಲ್ಲಿ ಸ್ಟಾಫ್ ರೂಮಿಗೆ ಕರೆತಂದು, ಊಟವಾದ ಮೇಲೆ ಗೊರಕೆ ಹೊಡೆಯುತ್ತ ಮಲಗಿದ್ದ ಡ್ರಾಯಿಂಗ್ ಮೇಷ್ಟರ ಸುತ್ತ ನಿಲ್ಲಿಸಿದರು. ಡ್ರಾಯಿಂಗ್ ಮೇಷ್ಟರು ಕಣ್ಣು ಬಿಟ್ಟಾಗ ಸುತ್ತಲೂ ನಲವತ್ತು ಮುಖಗಳು ಭಕ್ತಿಯಿಂದ ಬಗ್ಗಿ ನೋಡುತ್ತಿದ್ದವು. ತೀರಿಹೋಗಿದ್ದೇನೆ ಅಂದುಕೊಂಡೆ ಎಂದು ಅವರು ಆಮೇಲೆ ನನಗೆ ಹೇಳಿದರು.

ಇಂಗ್ಲಿಷ್ ಮೇಷ್ಟರದೊಂದು ಸಿದ್ಧಾಂತವಿತ್ತು. ಇಂಗ್ಲಿಷರು ಸದ್ದಿನ ವಿಷಯದಲ್ಲಿ ಜಿಪುಣರು. "ನಮ್ಮಲ್ಲಿ ನೋಡಿ. ಮಳೆ ಪಟಪಟ, ಎದೆ ಢವಢವ, ಹಲ್ಲು ಕಟಕಟ. ಎಲ್ಲಾ ಜೋಡಿ. ಏನಾದ್ರೂ ಆದ್ರೆ ಪಕ್ಕದ ಮನೆಯವರಿಗೂ ಗೊತ್ತಾಗ್ಬೇಕು. ಅವರದು ಹಾಗಲ್ಲ. ಒಂದೇ ಸಲ. ಥಡ್! ಬಿತ್ತು, ಮುಗೀತು, ಯಾರನ್ನೂ ಕರೆಯಲ್ಲ."

ಎಲ್ಲ ಪದಗಳಿಗಿಂತ ಅವರಿಗೆ ಪ್ರೀತಿಯ ಪದ ಅದೇ, ಥಡ್. ಹುಡುಗರು ಅವರಿಗಿಟ್ಟ ಹೆಸರೂ ಅದೇ. ನಾನು ಒಮ್ಮೆ, "ಧೊಪ್ ಅಂದ್ರಾಯ್ತಲ್ಲ ಮೇಷ್ಟ್ರೇ" ಎಂದುಬಿಟ್ಟೆ. ಅವರು ನನ್ನನ್ನು ಅನ್ನಕ್ಕೆ ಸಕ್ಕರೆ ಕಲೆಸಿಕೊಂಡವನ ಹಾಗೆ ನೋಡಿದರು.

"ಧೊಪ್‌ನಲ್ಲಿ ತುಟಿ ಮುಚ್ಚುತ್ತೆ ಕಣ್ರೀ. ಬಿದ್ದಿದ್ದು ಹಗುರ. ಥಡ್‌ನಲ್ಲಿ ನಾಲಿಗೆ ಹಲ್ಲಿನ ಹಿಂದೆ ಹೋಗಿ ಕೂತ್ಕೊಳುತ್ತೆ, ಏಳೋದಿಲ್ಲ. ಬಿದ್ದ ವಸ್ತು ಭಾರವಾಗಿರ್ಬೇಕು, ಆದ್ರೆ ಗಟ್ಟಿ ಇರ್ಬಾರ್ದು. ಪುಟೀಬಾರ್ದು. ಮೊಳಗ್ಬಾರ್ದು. ಬಿದ್ದ ಜಾಗದಲ್ಲೇ ಸದ್ದೂ ಸಾಯ್ಬೇಕು."

ಈ ಪದ ಎಲ್ಲಿಂದ ಬಂತೆಂದು ಹುಡುಕುವುದಕ್ಕೆ ಅವರು ತುಮಕೂರಿನ ಕಾಲೇಜಿನ ಲೈಬ್ರರಿಗೆ ಹೋಗಿ, ದಪ್ಪ ನಿಘಂಟಿನ ಮುಂದೆ ಬಾಗಿಲು ಹಾಕುವವರೆಗೂ ನಿಂತಿದ್ದರು. ಇಂಥ ಪದಗಳಿಗೆಲ್ಲ ನಿಘಂಟಿನವರು 'ಅನುಕರಣ' ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆಂಬುದು ಅವರ ಹಳೆಯ ಸಿಟ್ಟು. ಯಾವುದು ಬಿದ್ದದ್ದರ ಅನುಕರಣ, ಯಾರು ಕೇಳಿಸಿಕೊಂಡದ್ದು, ಎಂದು ಕೇಳುತ್ತಿದ್ದರು. ಥಡ್ ಮಾತ್ರ ಅವರ ಮರ್ಯಾದೆ ಉಳಿಸಿತ್ತು.

"ಅದು ಹುಟ್ಟಿದಾಗ ಸದ್ದೇ ಆಗಿರ್ಲಿಲ್ಲವಂತೆ ಮೇಷ್ಟ್ರೇ! ಹಳೇ ಇಂಗ್ಲಿಷಿನಲ್ಲಿ ಅದೇ ಥರದ ಒಂದು ಮಾತಿತ್ತು, ತಳ್ಳೋದು, ತಿವಿಯೋದು ಅಂತ. ಬಹುಶಃ ಅದ್ರಿಂದ ಬಂದಿರ್ಬೇಕು ಅಂತಾರೆ. ಆಮೇಲೆ ಸ್ಕಾಟ್ಲೆಂಡ್ ಕಡೆ ರಭಸವಾಗಿ ಬೀಸೋ ಗಾಳಿಗೆ ಅಂದ್ರು. ಆಮೇಲೆ ಏಟಿಗೆ. ಕೊನೇಲಿ ಏಟಿನ ಸದ್ದಿಗೆ. ನೋಡಿ ಎಂಥಾ ಕ್ರಮ! ಮೊದ್ಲು ಯಾರೋ ತಳ್ಳಿದ್ರು, ಮಧ್ಯೆ ಗಾಳಿ, ಆಮೇಲೆ ಸದ್ದು."

ಹೀಗೆ ಹೇಳಿ ಸುಮ್ಮನಿದ್ದಿದ್ದರೆ ನನ್ನ ಎದೆಬಡಿತ ಸರಿಯಾಗಿರುತ್ತಿತ್ತು. ಅವರು ಆ ಕ್ರಮವನ್ನೇ ಇಟ್ಟುಕೊಂಡು ಒಂದು ಇಂಗ್ಲಿಷ್ ಏಕಾಂಕ ಬರೆದರು. ಜಿಪುಣ ಮುದುಕನೊಬ್ಬನನ್ನು ಅವನ ಅಳಿಯ ಕೋಟೆಯ ಮೇಲಿಂದ ತಳ್ಳುತ್ತಾನೆ. ಚೀತ್ಕಾರ. ಗಾಳಿ. ಥಡ್. ಪರದೆ. ತುಮಕೂರಿನಲ್ಲಿ ನಡೆಯುವ ಶಾಲಾ ನಾಟಕ ಸ್ಪರ್ಧೆಗೆ ನಮ್ಮ ಶಾಲೆ ಅದನ್ನು ಕಳಿಸುವುದೆಂದಾಯಿತು.

ಗುಬ್ಬಿ ನಾಟಕದ ಊರು. ಅಲ್ಲಿ ಕ್ಷೌರದವನಿಂದ ಹಿಡಿದು ಪೋಸ್ಟ್ ಮಾಸ್ಟರವರೆಗೆ ಎಲ್ಲರಿಗೂ ರಂಗದ ಬಗ್ಗೆ ಅಭಿಪ್ರಾಯವಿರುತ್ತದೆ, ಸೋತು ಬಂದವರನ್ನು ಬೀದಿಯಲ್ಲಿ ಮಾತಾಡಿಸುವುದಿಲ್ಲ. ನಮ್ಮ ಶಾಲೆಯ ಕಮಿಟಿ ಅಧ್ಯಕ್ಷರು ಕೊಬ್ಬರಿ ವ್ಯಾಪಾರಿ, ಹುಡುಗರಾಗಿದ್ದಾಗ ಯಾವುದೋ ನಾಟಕದಲ್ಲಿ ದ್ವಾರಪಾಲಕನಾಗಿದ್ದವರು. ಅವರು ನನ್ನನ್ನು ಕರೆದು ಹೇಳಿದರು: "ನೋಡಿ ಮೇಷ್ಟ್ರೇ, ಸದ್ದು ಅಂದ್ರೆ ಸೈನ್ಸು. ಸೈನ್ಸ್ ಅಂದ್ರೆ ನೀವು. ಸದ್ದಿನ ಜವಾಬ್ದಾರಿ ನಿಮ್ದು. ಏನಾರ ಒಂದ್ ಬೌಮಾನ ತಕೊಂಬನ್ನಿ, ನಿಮ್ ಕೆಲ್ಸ ಕಾಯಂ ಮಾಡ್ತೀನಿ. ಬರಿಗೈಲ್ ಬಂದ್ರೆ ಬೇಸಿಗೆ ರಜಾ ಆದ್ಮೇಲೆ ನೀವು ಬರ್ದೇ ಇದ್ರೂ ನಡೀತದೆ."

ಕೆಲಸ ಒಂದೇ ಆಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆನೇನೋ. ಕುಣಿಗಲ್ಲಿನಲ್ಲಿ ನನಗೊಂದು ಹೆಣ್ಣು ನೋಡಿ ಒಪ್ಪಿಯಾಗಿತ್ತು. ಅವಳೂ ಒಪ್ಪಿದ್ದಳು, ಅದೇ ಒಂದು ಆಶ್ಚರ್ಯ. ಆದರೆ ತಾಲ್ಲೂಕು ಕಚೇರಿಯಲ್ಲಿದ್ದ ಅವಳ ತಂದೆ, "ಪರ್ಮನೆಂಟ್ ಆಗ್ಲಿ, ಲಗ್ನ ಇಡ್ಸೋಣ" ಎಂದು ಹೇಳಿ ಎಲೆಯಡಿಕೆ ತಟ್ಟೆಯನ್ನು ಒಳಗಿಟ್ಟಿದ್ದರು. ಹಾಗಾಗಿ ನನ್ನ ಕೆಲಸ, ನನ್ನ ಮದುವೆ, ಎರಡೂ ಇಂಗ್ಲೆಂಡಿನವರು ಯಾವ ಕಾಲದಲ್ಲೋ ತಳ್ಳಿ ಬೀಳಿಸಿದ ಒಂದು ಸದ್ದಿನ ಮೇಲೆ ನಿಂತವು.

ಶಾಲೆಯ ಮಾಳಿಗೆಯಿಂದ ಏನೇನನ್ನೋ ಬೀಳಿಸಿ ನೋಡಿದೆವು. ನಾನು ಮೇಲೆ, ಅವರು ಕೆಳಗೆ ಕಣ್ಣು ಮುಚ್ಚಿ, ಬೆರಳೆತ್ತಿ. ರಾಗಿ ಮೂಟೆ ಬಿತ್ತು. "ಒಳಗೆ ಸರಸರ ಅಂತಿದೆ, ಮುದುಕನ ಹೊಟ್ಟೇಲಿ ರಾಗಿ ಇರಲ್ಲ." ಹಲಸಿನ ಹಣ್ಣು ಬಿತ್ತು. "ಒಡೀತು. ಇದು ಸ್ಪ್ಲಾಟ್." ಅವರ ಮನೆಯಿಂದ ತಂದ ದೊಡ್ಡ ರಾಗಿ ಮುದ್ದೆ ಬಿತ್ತು. ಬೆರಳು ಅರ್ಧ ಇಳಿದು ನಿಂತಿತು. "ಹತ್ತಿರ ಬಂತು. ಆದ್ರೆ ಇದು ಸಣ್ಣವರ ಸಾವು." ಊರಿನ ಜನ ಕಾಂಪೌಂಡಿನ ಮೇಲೆ ಕೂತು ನೋಡುತ್ತಿದ್ದರು. "ತೆಂಗಿನ್ಕಾಯ್ ಹಾಕಿ ಸಾ" ಎಂದು ಒಬ್ಬ ಕೂಗಿದರೆ, "ಡ್ರಾಯಿಂಗ್ ಮೇಷ್ಟ್ರುನ್ನೇ ಹಾಕ್ರಿ" ಎಂದು ಇನ್ನೊಬ್ಬ.

ಕೊನೆಗೆ ಮೇಷ್ಟರಿಗೆ ಹೊಳೆದದ್ದು ಹುಣಸೆಹಣ್ಣು. ಬೀಜ ನಾರು ತೆಗೆದು, ಉಪ್ಪು ಬೆರೆಸಿ, ಕುಟ್ಟಿ ಉಂಡೆ ಕಟ್ಟಿ ವರ್ಷ ಕಳೆದ ಹಳೇ ಹುಣಸೆಹಣ್ಣು. ಭಾರ, ಮೆತ್ತಗೆ, ಪುಟಿಯುವುದಿಲ್ಲ. ಅಂಥದ್ದು ಕುಣಿಗಲ್ ಹತ್ತಿರದ ಕೊತ್ತಗೆರೆಯಲ್ಲಿ ಅವರ ಅಕ್ಕನ ಮನೆಯಲ್ಲಿತ್ತು. ಒಂದು ಭಾನುವಾರ ಇಬ್ಬರೂ ಹೋದೆವು.

ಅಕ್ಕ ತಲೆಯ ಗಾತ್ರದ ಕಪ್ಪು ಉಂಡೆಯೊಂದನ್ನು ತಂದು ಜಗಲಿಯ ಮೇಲಿಟ್ಟರು. ಮೇಷ್ಟರು ಅದನ್ನು ಬಲಗೈಯಲ್ಲೆತ್ತಿ, ಕಣ್ಣು ಮುಚ್ಚಿ, ಎಡಗೈಯ ಬೆರಳೆತ್ತಿ, ಸಗಣಿ ಸಾರಿಸಿದ ನೆಲಕ್ಕೆ ಬಿಟ್ಟರು. ಆ ಸದ್ದು ನನಗೆ ಇವತ್ತಿಗೂ ನೆನಪಿದೆ. ಒಂದೇ ಸಲ ಬಿತ್ತು. ಅಷ್ಟೇ. ಮುಂದೆ ಏನೂ ಇಲ್ಲ. ಬೆರಳು ಪೂರ್ತಿ ಇಳಿಯಿತು. ಕಣ್ಣು ಬಿಟ್ಟಾಗ ಕಣ್ಣಂಚಿನಲ್ಲಿ ನೀರಿತ್ತು.

"ಏನ್ಲಾ ತಮ್ಮ, ಸಾರಿಗ್ ಹಾಕೋದ್ ಬುಟ್ಟು ನೆಲಕ್ಕಾಕ್ತಾ ಇದೀಯ!" ಎಂದರು ಅಕ್ಕ.

"ಅಕ್ಕಾ, ನೂರಾರು ವರ್ಷದ್ದು ಕಣೇ ಈ ಸದ್ದು."

"ಹೋದ್ ವರ್ಸದ್ದು ಕಣ್ಲಾ. ನಾನೇ ಕುಟ್ಟಿ ಮಡಗಿದ್ದು." ಆಮೇಲೆ ನನ್ನ ಕಡೆ ತಿರುಗಿ, "ನೀನಾದ್ರೂ ಬುದ್ಧಿವಂತ ಇದ್ದಂಗಿದೀಯ ಕಣಪ್ಪ, ಇವ್ನ್ ಜೊತೆ ಯಾಕೆ?" ಎಂದು ಕೇಳಿದರು. ನಾನು ಉಂಡೆಯನ್ನು ಬಟ್ಟೆಯಲ್ಲಿ ಸುತ್ತತೊಡಗಿದೆ.

ವಾಪಸು ಬರುವಾಗ ಕುಣಿಗಲ್ಲಿನಲ್ಲಿ ಬಸ್ಸು ಬದಲಾಯಿಸಬೇಕು. ಭಾವಿ ಮಾವನವರು ಕಾಣದಿರಲಪ್ಪ ಎಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದೆ. ನಾನು ಬೇಡಿಕೊಂಡದ್ದಕ್ಕೇ ಇರಬೇಕು, ಬಸ್ಸಿಳಿದ ತಕ್ಷಣ ಎದುರಿಗೇ ನಿಂತಿದ್ದರು. ನಾನು ಬಟ್ಟೆಯಲ್ಲಿ ಸುತ್ತಿದ ಹುಣಸೆಹಣ್ಣನ್ನು ಕೂಸಿನ ಹಾಗೆ ಎದೆಗವಚಿಕೊಂಡಿದ್ದೆ.

"ಏನ್ ಮೇಷ್ಟ್ರೇ, ಈ ಕಡೆ? ಏನದು?"

ನಾನು ಬಾಯಿ ತೆರೆಯುವ ಮೊದಲೇ ಇಂಗ್ಲಿಷ್ ಮೇಷ್ಟರು ಉತ್ಸಾಹದಿಂದ, "ಹೆಣ ಬೀಳೋ ಸದ್ದಿಗೆ ಸ್ವಾಮಿ. ನಾಟಕದಲ್ಲಿ ಮಾವನ್ನ ಕೋಟೆಯಿಂದ ತಳ್ತೀವಿ" ಎಂದರು.

"ಯಾರು ತಳ್ಳೋದು?"

"ಅಳಿಯ. ಆಸ್ತಿಗೆ."

"ಮತ್ತೆ ಇವರೇನ್ ಮಾಡ್ತಾರೆ?"

"ಇವರು ಬೀಳ್ಸೋರು. ಇಡೀ ನಾಟಕ ಇವರ ಕೈಯಲ್ಲೇ ಇರೋದು."

ಭಾವಿ ಮಾವನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಪರ್ಮನೆಂಟ್ ಆಗ್ಲಿ, ನೋಡೋಣ" ಎಂದರು. 'ಲಗ್ನ ಇಡ್ಸೋಣ' ಹೋಗಿ 'ನೋಡೋಣ' ಬಂದದ್ದು ನನ್ನ ಗಮನಕ್ಕೆ ಬಾರದೆ ಇರಲಿಲ್ಲ.

ಸ್ಪರ್ಧೆಯ ದಿನ ತುಮಕೂರಿನಲ್ಲಿ ಬೆಂಕಿಯಂಥ ಬಿಸಿಲು. ರಂಗದ ಹಿಂದೆ, ಕೋಟೆ ಬರೆದ ಪರದೆಯ ಮರೆಯಲ್ಲಿ, ನಾನು ಏಣಿಯ ಮೇಲೆ. ಕೆಳಗೆ ನೆಲದ ಮೇಲೆ ಮೇಷ್ಟರು ಗುರುತು ಹಾಕಿದ್ದ ಜಾಗ. ಬಟ್ಟೆ ಸುತ್ತಿದ್ದರೆ ಸದ್ದು ಕುಗ್ಗುತ್ತದೆಂದು ಅವರು ಅದನ್ನು ಬಿಚ್ಚಿಸಿದ್ದರು. ಎಲ್ಲಿ ಮುಂಚೆಯೇ ಜಾರಿ ಬಿದ್ದು ನನ್ನ ಬಾಳು ಹಾಳಾಗುತ್ತದೋ ಎಂದು ನಾಟಕ ಶುರುವಾದಾಗಿನಿಂದ ನಾನು ಅದನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದೆ. ಆ ಸೆಕೆ, ನನ್ನ ಅಂಗೈಯ ಬೆವರು, ಹಳೇ ಹುಣಸೆಹಣ್ಣು. ಸೈನ್ಸ್ ಮೇಷ್ಟರಾದ ನನಗೆ ಮುಂದೇನಾಗುತ್ತದೆಂದು ಗೊತ್ತಿರಬೇಕಿತ್ತು.

ಅಳಿಯ ತಳ್ಳಿದ. ಮುದುಕ ಚೀರಿದ. ಮೇಷ್ಟರು ಬಾಯಿಂದ ಗಾಳಿಯ ಸದ್ದು ಮಾಡಿದರು. ಬೆರಳೆತ್ತಿದರು. ನಾನು ಕೈಬಿಟ್ಟೆ. ಕೈ ಹುಣಸೆಹಣ್ಣನ್ನು ಬಿಡಲಿಲ್ಲ.

"ಬಿಡ್ರೀ!" ಎಂದು ಪಿಸುಗುಟ್ಟಿದರು ಮೇಷ್ಟರು.

"ಬಿಟ್ಟಿದೀನಿ ಮೇಷ್ಟ್ರೇ! ಅದು ಬಿಡ್ತಾ ಇಲ್ಲ!"

ರಂಗದ ಮೇಲೆ ಅಳಿಯನ ಪಾತ್ರದ ಹುಡುಗ ಕೋಟೆಯ ಆಚೆ ಬಗ್ಗಿ ನೋಡುತ್ತ ನಿಂತಿದ್ದ. ಥಡ್ ಬಾರದೆ ಅವನು ಮುಂದಿನ ಮಾತು ಆಡುವಂತಿಲ್ಲ, ಮೇಷ್ಟರು ಹಾಗೆ ಪಳಗಿಸಿದ್ದರು. ಆಳಿನ ಪಾತ್ರದವನು ಮಾತ್ರ ಸಮಯಕ್ಕೆ ಸರಿಯಾಗಿ ಓಡಿಬಂದು, "ವೇರ್ ಈಸ್ ಮೈ ಮಾಸ್ಟರ್?" ಎಂದು ಕೇಳಿದ. ಅಳಿಯ ಒಂದು ಗಳಿಗೆ ಯೋಚಿಸಿ, ಗಂಭೀರವಾಗಿ, "ಹೀ ಈಸ್ ಸ್ಟಿಲ್ ಫಾಲಿಂಗ್" ಅಂದ. ಇನ್ನೂ ಬೀಳುತ್ತಲೇ ಇದ್ದಾರೆ ಅಂತ.

ಸಭೆ ಗೊಳ್ಳೆಂದಿತು. ನಾನು ಏಣಿಯ ಮೇಲೆ ಕೈ ಕೊಡವಿದೆ, ಮೊಣಕಾಲಿಗೆ ಒರೆಸಿದೆ, ಕೊನೆಗೆ ಮದುವೆಯನ್ನೂ ಕೆಲಸವನ್ನೂ ನೆನೆದು ಜೀವ ಬಿಟ್ಟು ಬೀಸಿದೆ. ಉಂಡೆ ಕಿತ್ತುಕೊಂಡು ಹಾರಿತು. ಗುರುತು ಹಾಕಿದ ಜಾಗಕ್ಕಲ್ಲ. ಬೇರೊಂದು ಶಾಲೆಯವರು ತಮ್ಮ ಪೌರಾಣಿಕ ನಾಟಕಕ್ಕೆಂದು ತಗಡಿನ ಟ್ರಂಕಿನ ಮೇಲೆ ಪೇರಿಸಿಟ್ಟಿದ್ದ ಕಿರೀಟ, ಗದೆ, ಹಿತ್ತಾಳೆ ತಟ್ಟೆಗಳ ಮೇಲೆ ಬಿತ್ತು. ಢಣ್! ಢಣಾರ್! ಕೊನೆಗೆ ಒಂದು ತಟ್ಟೆ ಗಿರಗಿರ ತಿರುಗುತ್ತ ತಿರುಗುತ್ತ ಬಹಳ ಹೊತ್ತಿನ ಮೇಲೆ ಮಲಗಿತು.

"ನೌ ಹೀ ಹ್ಯಾಸ್ ರೀಚ್ಡ್" ಅಂದ ಅಳಿಯ.

ಪರದೆ ಬಿದ್ದರೂ ಜನರ ನಗು ನಿಲ್ಲಲಿಲ್ಲ. ಮೇಷ್ಟರ ಬೆರಳು ಮೇಲೆ ಹೋಗಿದ್ದು ಮೇಲೆಯೇ ಇತ್ತು. ನಾನು ಏಣಿಯಿಂದ ಇಳಿಯಲಿಲ್ಲ. ಇಳಿದು ಹೋಗುವುದಕ್ಕೆ ನನಗೆ ಜಾಗ ಎಲ್ಲಿತ್ತು?

ಸಂಜೆ ಬಹುಮಾನ ಹೇಳುವಾಗ ತೀರ್ಪುಗಾರರೊಬ್ಬರು ಎದ್ದುನಿಂತು, ಸಾವಿನ ಸದ್ದನ್ನು ತಡಮಾಡಿ, ಅದನ್ನು ಲೋಹದ ಆರ್ಭಟವಾಗಿಸಿ, ಲೋಭಿಯ ಬದುಕು ಎಷ್ಟು ಪೊಳ್ಳೆಂದು ಒಂದೇ ಏಟಿಗೆ ತೋರಿಸಿದ ಗುಬ್ಬಿಯ ಶಾಲೆಗೆ ಅತ್ಯುತ್ತಮ ಧ್ವನಿ ಸಂಯೋಜನೆಯ ಬಹುಮಾನದ ಕಪ್ಪು ಎಂದರು. ನನ್ನ ಹೆಸರು ಕೂಗಿದರು. ಕಪ್ಪು ನನ್ನ ಅಂಗೈಗೆ ಸ್ವಲ್ಪ ಅಂಟಿಕೊಂಡಿತು.

ಗುಬ್ಬಿಯ ಬಸ್ಸಿನಲ್ಲಿ ನಾನು ಮನಸ್ಸಿನಲ್ಲೇ ಲಗ್ನಪತ್ರಿಕೆ ಬರೆಯುತ್ತಿದ್ದೆ. ಪಕ್ಕದಲ್ಲಿ ಮೇಷ್ಟರು ಕಿಟಕಿಯಾಚೆ ನೋಡುತ್ತ ಕೂತಿದ್ದರು. ಹಿಂದಿನ ಸೀಟಿನಲ್ಲಿ ನಾಟಕದ ಹುಡುಗರು ಹಾಡುತ್ತಿದ್ದರು. ಊರು ಹತ್ತಿರ ಬಂದಾಗ ಮೇಷ್ಟರು ನಿಧಾನವಾಗಿ ಹೇಳಿದರು:

"ಆ ಕಪ್ಪು ವಾಪಸ್ ಕೊಡ್ಬೇಕು ಮೇಷ್ಟ್ರೇ."

"ಯಾಕೆ ಮೇಷ್ಟ್ರೇ!"

"ಬಂದಿದ್ದು ಥಡ್ ಅಲ್ಲ. ಕ್ಲ್ಯಾಂಗ್. ಕ್ಲ್ಯಾಂಗ್‌ಗೆ ಕೊಟ್ಟಿರೋದನ್ನ ಥಡ್ ಹೆಸರಲ್ಲಿ ಇಟ್ಕೊಳಕ್ಕಾಗಲ್ಲ. ಹುಡುಗ್ರು ಏನ್ ಕಲೀತಾರೆ? ನಾಳೆ ನಾನೇ ಅಧ್ಯಕ್ಷರಿಗೆ ಹೇಳ್ತೀನಿ."

ನಾನು ಮದುವೆಯ ವಿಷಯ ಹೇಳಿದೆ. ಕೆಲಸದ ವಿಷಯ ಹೇಳಿದೆ. ಕುಣಿಗಲ್ಲಿನವರು ಈಗಾಗಲೇ 'ನೋಡೋಣ'ಕ್ಕೆ ಇಳಿದಿದ್ದಾರೆ ಎಂದು ಹೇಳಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಪಾಪ" ಅಂದರು. ಅದು ನನ್ನ ಬಗ್ಗೆಯೋ ಪದದ ಬಗ್ಗೆಯೋ ತಿಳಿಯಲಿಲ್ಲ.

ಮಾರನೆಯ ದಿನ ಅಧ್ಯಕ್ಷರು ಹೆಡ್ ಮಾಸ್ಟರ ಕುರ್ಚಿಯಲ್ಲಿ ಕೂತು ನಮ್ಮಿಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಕಪ್ಪು. ಅವರೂ ಹಿಂದಿನ ದಿನ ಸಭೆಯಲ್ಲಿದ್ದವರೇ, ಹೊಟ್ಟೆ ಹಿಡಿದುಕೊಂಡು ನಕ್ಕವರೇ. ಆದರೆ ಊರಲ್ಲಿ ಯಾರೋ ತಲೆ ಕೆಡಿಸಿದ್ದರು.

"ಜನ ಏನೇನೋ ಆಡ್ಕತಾವ್ರೆ. ಪುಸ್ತಕದಾಗೆ ಥಡ್ ಅಂತ ಇತ್ತಂತೆ, ಬಂದಿದ್ ಬ್ಯಾರೆಯಂತೆ. ಕೈ ತಪ್ಪಿ ಬಿದ್ದದ್ಕೆ ಕಪ್ ಇಸ್ಕೊಂಡ್ ಬಂದವ್ರೆ ಅಂತ. ನಮ್ದು ನಾಟಕದ ಊರು. ಮೋಸದ ಕಪ್ ಇಲ್ಲಿ ಬ್ಯಾಡ. ಇಂಗ್ಲಿಷ್ ಮೇಷ್ಟ್ರೇ, ನಾಟಕ ನಿಮ್ದು, ಭಾಷೆ ನಿಮ್ದು. ನೀವು ಸುಳ್ ಹೇಳೋರಲ್ಲ. ಬಂದಿದ್ದು ಥಡ್ಡೋ ಅಲ್ವೋ? ಹೌದು ಅಂದ್ರೆ ಈಗ್ಲೇ ಇವ್ರ ಕೆಲ್ಸಕ್ಕೆ ಸೈನ್ ಹಾಕ್ತೀನಿ. ಅಲ್ಲ ಅಂದ್ರೆ ಕಪ್ಪೂ ವಾಪಸ್, ಇವ್ರೂ ವಾಪಸ್."

ಮೇಷ್ಟರು ಕಣ್ಣು ಮುಚ್ಚಿಕೊಂಡರು. ಎಡಗೈಯ ಬೆರಳು ಮೇಲೆದ್ದಿತು. ಆ ಸದ್ದನ್ನು ಅವರು ಮತ್ತೊಮ್ಮೆ ಕೇಳಿಸಿಕೊಳ್ಳುತ್ತಿದ್ದಾರೆಂದು ನನಗೆ ಗೊತ್ತಾಯಿತು, ಆ ಹಾಳು ತಟ್ಟೆ ತಿರುಗಿ ಮಲಗುವವರೆಗೆ. ನಾನು ಮನಸ್ಸಿನಲ್ಲೇ ಟ್ರಂಕು ಕಟ್ಟಲು ಶುರುಮಾಡಿದೆ. ಕಣ್ಣು ಬಿಟ್ಟು ಅವರು ನನ್ನನ್ನು ನೋಡಿದರು. ಹುಣಸೆಹಣ್ಣಿನ ಕಲೆ ಹೋಗದ ನನ್ನ ಕೈಗಳನ್ನು ನೋಡಿದರು.

"ಥಡ್ಡೇ" ಅಂದರು.

"ಢಣಾರ್ ಅಂದಂಗಾಯ್ತಲ್ಲ?"

"ಕೆಲವು ಕಡೆ ಹಂಗೂ ಆಗುತ್ತೆ ಸ್ವಾಮಿ" ಎಂದು ಹೇಳಿ, ಅಪ್ಪಣೆ ಕೂಡ ಕೇಳದೆ ಹೊರಗೆ ಹೋದರು.

ಅಧ್ಯಕ್ಷರು ಸೈನ್ ಹಾಕಿದರು. ಕುಣಿಗಲ್ಲಿನವರು ಲಗ್ನ ಇಡಿಸಿದರು. ಮದುವೆಗೆ ಮೇಷ್ಟರು ಬಂದು, ಮೊದಲ ಪಂಕ್ತಿಯಲ್ಲಿ ಕೂತು, ನನ್ನ ಮಾವನವರ ಪಕ್ಕದಲ್ಲೇ ಉಂಡರು. ನಾನು ಆ ವಿಷಯ ಎತ್ತಲು ಒಂದೆರಡು ಸಲ ನೋಡಿದೆ. "ಹೋಳಿಗೆ ಚೆನ್ನಾಗಿದೆ" ಎಂದರು.

ಅದಾದ ಮೇಲೆ ಅವರು ನಿವೃತ್ತರಾಗುವವರೆಗೂ ಒಟ್ಟಿಗೆ ಕೆಲಸ ಮಾಡಿದೆವು. ಎಂಬತ್ತರ ದಶಕ ಬಂತು, ಪಠ್ಯಪುಸ್ತಕ ಬದಲಾಯಿತು, ಅವರ ಜೇಬಿನ ಗೋಲಿ, ಸೀಗೆಕಾಯಿ, ಹೋಟೆಲಿನ ಕಾವಲಿ, ಡ್ರಾಯಿಂಗ್ ಮೇಷ್ಟರ ಗೊರಕೆ, ಯಾವುದೂ ಬದಲಾಗಲಿಲ್ಲ. ಒಂದನ್ನು ಬಿಟ್ಟು. ವರ್ಷಕ್ಕೊಮ್ಮೆ, ಹತ್ತನೆಯ ತರಗತಿಯ ಒಂದು ಪಾಠದಲ್ಲಿ ಆ ಪದ ಬರುತ್ತಿತ್ತು. ಅವತ್ತು ಅವರು ನನ್ನ ಗಣಿತದ ತರಗತಿಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

"ಮೇಷ್ಟ್ರೇ, ಒಂದ್ ನಿಮಿಷ ಬಂದು ಅದೊಂದು ಪದ ಹೇಳ್ಕೊಡಿ."

"ನಾನು ಗಣಿತದವನು ಮೇಷ್ಟ್ರೇ."

"ನೀವೇ ಹೇಳ್ಬೇಕು. ನಂಗೆ ಇನ್ನು ಅದನ್ನ ಹೇಳೋ ಹಕ್ಕಿಲ್ಲ."

ನಾನು ಅವರ ತರಗತಿಗೆ ಹೋಗುತ್ತಿದ್ದೆ. ಅವರು ಒಳಗೆ ಬರುತ್ತಿರಲಿಲ್ಲ. ಅಂಗಳ ದಾಟಿ, ಕಾಂಪೌಂಡಿನ ತುದಿಯವರೆಗೆ ಹೋಗಿ, ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ನಾನು ಬೋರ್ಡಿನ ಮೇಲೆ ಆ ಪದ ಬರೆದು, ಪಕ್ಕದಲ್ಲಿ 'ಭಾರವಾದದ್ದು ಬಿದ್ದ ಸದ್ದು' ಎಂದು ಬರೆಯುತ್ತಿದ್ದೆ. ಹುಡುಗರು ಏನನ್ನೂ ಕೇಳಿಸಿಕೊಳ್ಳದೆ ಅದನ್ನು ಬರೆದುಕೊಳ್ಳುತ್ತಿದ್ದರು. ಒಬ್ಬನಾದರೂ ಕೈಯೆತ್ತಿ, ಅದು ಹೇಗಿರುತ್ತೆ ಸಾರ್, ಎಂದು ಕೇಳಬಹುದೆಂದು ನಾನು ಪ್ರತಿ ವರ್ಷ ಹೆದರುತ್ತಿದ್ದೆ. ಯಾರೂ ಕೇಳಲಿಲ್ಲ. ಮುಗಿಯಿತೆಂದು ನಾನು ಕಿಟಕಿಯಿಂದ ಕೈ ಬೀಸಿದ ಮೇಲೆ ಅವರು ನಿಧಾನವಾಗಿ ಅಂಗಳ ದಾಟಿ ಬಂದು, ಬೋರ್ಡಿನ ಕಡೆ ನೋಡದೆ ಅದನ್ನು ಒರೆಸಿ, ಮುಂದಿನ ಸಾಲಿನಿಂದ ಪಾಠ ಶುರುಮಾಡುತ್ತಿದ್ದರು.